ದೀಪದ ಸುತ್ತ ಒಂದು ಬಳೆ

ನಮ್ಮೂರಿನಲ್ಲಿ ಶರದೃತು ಇರುವುದು ಪಂಚಾಂಗದಲ್ಲಿ ಮಾತ್ರ. ಕಾಡಿಗೆ ಕಾಡೇ ಒಂದು ವಾರದಲ್ಲಿ ಕೆಂಪು ಹಳದಿ ಆಗುವುದು, ಉದುರಿದ ಎಲೆಯ ಅಂಚಿಗೆ ಸಕ್ಕರೆ ಪುಡಿಯ ಹಾಗೆ ಹಿಮ ಕೂರುವುದು, ಇದನ್ನೆಲ್ಲ ನಾನು ನೋಡಿರುವುದು ಫೋನಿನಲ್ಲೇ. ಫೋಟೋ ತೆಗೆಯುವವರ ಒಂದು ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. ನವೆಂಬರ್ ಬಂತೆಂದರೆ ಚಳಿ ದೇಶಗಳಿಗೆ ಪ್ರವಾಸ ಹೋದವರು ಅಲ್ಲಿಂದ ಪಟಗಳ ಮೇಲೆ ಪಟ ಕಳಿಸುತ್ತಾರೆ. ನಾನು ಒಂದೊಂದಕ್ಕೂ ಹೆಬ್ಬೆರಳು ಎತ್ತಿ ತೋರಿಸಿ ಒಳಗೊಳಗೇ ಹೊಟ್ಟೆ ಉರಿದುಕೊಳ್ಳುತ್ತೇನೆ. ಸುಳ್ಳೇಕೆ ಹೇಳಲಿ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನನಗೂ ಹಾಗೇ ಆಗಿತ್ತು. ತ್ಯಾಗರಾಜನಗರದ ನಮ್ಮ ಮನೆಯಿಂದ ಲಾಲ್‌ಬಾಗಿಗೆ ನಡೆದೇ ಹೋಗಬಹುದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೌತವಿಜ್ಞಾನ ಹೇಳಿಕೊಟ್ಟ ಅವಧಿಯಲ್ಲಿ ನಾನು ಅಲ್ಲಿಗೆ ಹೋದದ್ದು ಫಲಪುಷ್ಪ ಪ್ರದರ್ಶನಕ್ಕೆ, ಅದೂ ಮಕ್ಕಳ ಸಾಲು ಕಾಯಲು. ನಿವೃತ್ತನಾದ ಮೇಲೆ ಒಂದು ಒಳ್ಳೆಯ ಕ್ಯಾಮೆರಾ ಕೊಂಡೆ. ಆಗ ತಿಳಿಯಿತು, ಡಿಸೆಂಬರ್ ನಡುವಿನಿಂದ ಜನವರಿಯವರೆಗೆ, ಸೂರ್ಯನಿಗಿಂತ ಮೊದಲು ಎದ್ದು ಹೋದವರಿಗೆ ಆ ತೋಟ ಬೇರೆಯೇ ಒಂದು ಮುಖ ತೋರಿಸುತ್ತದೆ ಎಂದು.

ಕೆರೆಯ ಕಡೆಯಿಂದ ಮಂಜು ಎದ್ದು ಬಂದು ಮರಗಳ ಸೊಂಟದವರೆಗೆ ನಿಲ್ಲುತ್ತದೆ. ಬೂರುಗದ ಮರ ಎಲೆಯೆಲ್ಲ ಕಳಚಿ ಬರೀ ಕೊಂಬೆಯಾಗಿರುತ್ತದೆ. ಅದರಾಚೆ ಬಾದಾಮಿ ಮರ. ಅಂಗಡಿಯಲ್ಲಿ ಸಿಗುವ ಬಾದಾಮಿಯದಲ್ಲ, ಶಾಲೆಯ ಮಕ್ಕಳು ಕಾಯಿ ಜಜ್ಜಿ ಒಳಗಿನ ತಿರುಳು ತಿನ್ನುತ್ತಾರಲ್ಲ, ಆ ಅಗಲ ಎಲೆಯ ಮರ. ಅದೊಂದು ಮಾತ್ರ ನಮ್ಮೂರಿನಲ್ಲಿ ಚಳಿ ದೇಶದ ಮರದ ಹಾಗೆ ನಡೆದುಕೊಳ್ಳುತ್ತದೆ. ಹಸಿರು ಎಲೆ ಮೊದಲು ಕಂದಾಗಿ, ಆಮೇಲೆ ತಾಮ್ರವಾಗಿ, ಕೊನೆಗೆ ಕುಂಕುಮದ ಕೆಂಪಿಗೆ ತಿರುಗಿ ಬೀಳುತ್ತದೆ. ಹಿಮ ಇಲ್ಲದಿದ್ದರೇನು, ಹುಲ್ಲಿನ ಮೇಲೆ ಇಬ್ಬನಿ ದಟ್ಟವಾಗಿ ಕೂತು, ಓರೆ ಬೆಳಕು ಬಿದ್ದರೆ ನೆಲವೆಲ್ಲ ಬೆಳ್ಳಗೆ ಕಾಣುತ್ತದೆ. ಅದರ ಮೇಲೆ ಬಿದ್ದ ಒಂದು ಕೆಂಪೆಲೆಯ ಪಟವನ್ನು ಗುಂಪಿಗೆ ಕಳಿಸಿದಾಗ, ಯಾವ ದೇಶ ಸಾರ್ ಎಂದು ಒಬ್ಬರು ಕೇಳಿದರು. ನಾನು ಎರಡು ದಿನ ಉತ್ತರ ಕೊಡದೆ ಸುಖಪಟ್ಟೆ.

ಆ ತಿಂಗಳು ನನ್ನ ಹೆಂಡತಿಗೂ ನಸುಕಿನ ತಿಂಗಳೇ. ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ದೇವಸ್ಥಾನದಲ್ಲಿ ಪೂಜೆ ಮುಗಿಯುತ್ತದೆ. ಒಂದು ದಿನವೂ ತಪ್ಪಿಸುವವಳಲ್ಲ. ಇಬ್ಬರೂ ಒಟ್ಟಿಗೆ ಮನೆಗೆ ಬೀಗ ಹಾಕಿ ಹೊರಡುತ್ತಿದ್ದೆವು. ರಸ್ತೆಯ ಕೊನೆಯಲ್ಲಿ ಅವಳು ಒಂದು ಕಡೆ, ನಾನು ಇನ್ನೊಂದು ಕಡೆ. ಅವಳು ದೊನ್ನೆಯಲ್ಲಿ ತಂದಿಟ್ಟ ಹುಗ್ಗಿ ನಾನು ಮನೆ ಸೇರುವ ಹೊತ್ತಿಗೆ ಕಲ್ಲಾಗಿರುತ್ತಿತ್ತು. ಅದರ ಬಗ್ಗೆ ಅವಳು ದಿನಾ ಒಂದು ಮಾತು ಹೇಳುತ್ತಿದ್ದಳು, ನಾನು ದಿನಾ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಕ್ಯಾಮೆರಾದ ವಿಷಯದಲ್ಲಿ ನಾನು ಸ್ವಲ್ಪ ಮಡಿ. ಕೊಂಡ ವರ್ಷ ಆಯುಧಪೂಜೆಯ ದಿನ ಅವಳು ಈಳಿಗೆಮಣೆ, ಕತ್ತರಿ, ಮಿಕ್ಸಿ, ಸ್ಕೂಟರ್ ಎಲ್ಲಕ್ಕೂ ಇಟ್ಟ ಹಾಗೆ ಕ್ಯಾಮೆರಾದ ಮುಂಗಾಜಿನ ನಟ್ಟನಡುವೆಯೂ ಒದ್ದೆ ಕುಂಕುಮ ಇಟ್ಟುಬಿಟ್ಟಿದ್ದಳು. ಮನೆಗೆ ಬಂದಿದ್ದ ನಂಟರ ಮುಂದೆಯೇ ಕೂಗಾಡಿದೆ. ಬುದ್ಧಿ ಇದೆಯಾ ಎಂದೂ ಕೇಳಿದೆ. ಅವಳು ಕುಂಕುಮದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ಏನೂ ಮಾತಾಡಲಿಲ್ಲ. ಆಮೇಲೆ ಅವಳು ಅದರ ತಂಟೆಗೇ ಬಂದಿಲ್ಲವೆಂದು ನಾನು ತಿಳಿದಿದ್ದೆ.

ನಾನು ಹೇಳಹೊರಟಿರುವುದು ಅದರ ಮುಂದಿನ ವರ್ಷದ ಧನುರ್ಮಾಸದ ಕತೆ. ಆ ವರ್ಷ ದಸರೆ ಕಳೆದ ಮೇಲೂ ಮಳೆ ಬಿಡಲಿಲ್ಲ. ಕ್ಯಾಮೆರಾ ಎರಡು ತಿಂಗಳು ಬೀರುವಿನಲ್ಲೇ ಇತ್ತು. ಡಿಸೆಂಬರಿನಲ್ಲಿ ಮೋಡ ಹರಿದು ಚಳಿ ಕಚ್ಚತೊಡಗಿದಾಗ ಮುಂಗಾಜನ್ನು ಅದರದೇ ಬಟ್ಟೆಯಿಂದ ಉಜ್ಜಿ ಕನ್ನಡಿಯ ಹಾಗೆ ಮಾಡಿಕೊಂಡು ಹೊರಟೆ. ಗೇಟಿನ ಕಾವಲುಗಾರ ನನ್ನ ಚೀಲ ನೋಡಿ, ಮದುವೆ ಫೋಟೋನಾ ಸಾರ್, ಪರ್ಮಿಶನ್ ಇದೆಯಾ ಎಂದು ತಡೆದ. ನನ್ನ ಜೊತೆ ಮದುವಣಗಿತ್ತಿ ಯಾರೂ ಇಲ್ಲವೆಂದು ಆಚೀಚೆ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಬಿಟ್ಟ.

ಕೆರೆಯ ದಾರಿಯ ದೀಪಗಳು ಇನ್ನೂ ಉರಿಯುತ್ತಿದ್ದವು. ಬಾದಾಮಿ ಮರದ ಪಕ್ಕದ ದೀಪವನ್ನು ಚೌಕಟ್ಟಿನೊಳಗೆ ತರಲು ಕ್ಯಾಮೆರಾದ ಹಿಂದಿನ ಕಿಂಡಿಗೆ ಬಲಗಣ್ಣು ಒತ್ತಿದೆ. ನಾನು ಹಳೆಯ ಕಾಲದವನು, ಪರದೆ ನೋಡಿ ಪಟ ತೆಗೆಯುವವನಲ್ಲ, ಕಿಂಡಿಯಲ್ಲಿ ಕಣ್ಣಿಟ್ಟೇ ತೆಗೆಯಬೇಕು. ದೀಪದ ಸುತ್ತ ಒಂದು ಬಳೆ ಕಾಣಿಸಿತು. ಒಳಗೆ ಬಿಳಿ, ಅಂಚಿಗೆ ಕೆಂಪು. ಮರವೂ ತೆಳುವಾದ ಪರದೆಯ ಹಿಂದೆ ನಿಂತಂತಿತ್ತು. ಗುಂಡಿ ಒತ್ತಲು ಹೋದ ಬೆರಳನ್ನು ಹಿಂದಕ್ಕೆ ತೆಗೆದೆ.

ಯಾಕೆಂದರೆ ಆ ಬಳೆಯ ವಿಷಯ ನನಗೆ ಮೊದಲೇ ಗೊತ್ತಿತ್ತು.

ನಾವು ಆಗ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಅಪ್ಪ ಗುಮಾಸ್ತರು. ಸಂಜೆ ಆಫೀಸಿನಿಂದ ಬಂದು ಕೈಕಾಲು ತೊಳೆದು ಬೀದಿಯ ಕೊನೆಯ ಗುಡಿಗೆ ಹೋಗಿ ಬರುವುದು ಅವರ ಕ್ರಮ. ಒಂದು ದಿನ ಬಂದವರೇ ಜಗುಲಿಯಲ್ಲಿ ಕೂತು ನನ್ನನ್ನು ಕರೆದು, "ದೇವರ ದೀಪದ ಸುತ್ತ ಪ್ರಭಾವಳಿ ಕಾಣ್ತಿದೆ ಕಣೋ, ಬಣ್ಣ ಬಣ್ಣದ್ದು" ಎಂದರು. ಮುಖದಲ್ಲಿ ಅಂಥ ಸಂತೋಷ. ಅಮ್ಮ ಒಳಗಿನಿಂದ ಬಂದು ಅವರ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ. ಬೆಳಕಿನ ಪಾಠವೆಲ್ಲ ಬಾಯಿಗೆ ಬರುತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಬಾ ಅಪ್ಪ ಎಂದು ಒಂದು ಸಲವೂ ಅನ್ನಲಿಲ್ಲ.

ಅವರು ಆ ಪ್ರಭಾವಳಿಯನ್ನು ಒಂದು ವರ್ಷ ಅನುಭವಿಸಿದರು. ಆಮೇಲೆ ಎಡವತೊಡಗಿದರು. ಕೊನೆಗೆ ಕಣ್ಣಿನಾಸ್ಪತ್ರೆಗೆ ಕರೆದೊಯ್ದಾಗ, ಇದು ಗ್ಲಾಕೊಮಾ, ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿದೆ, ಹೋದ ವರ್ಷ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಒಂದು ಕಣ್ಣು ಹೋಗಿ ಎರಡು ವರ್ಷಕ್ಕೆ ಇನ್ನೊಂದೂ ಹೋಯಿತು. ನನಗೆ ಮದುವೆಯಾಗಿ ನನ್ನ ಹೆಂಡತಿ ನಮ್ಮ ಮನೆಗೆ ಬಂದಾಗ ಅವರಿಗೆ ಪೂರ್ತಿ ಕತ್ತಲೆ. ಒಂಬತ್ತು ವರ್ಷ ಅವರ ತಟ್ಟೆಯ ಪಕ್ಕ ಕೂತು, ಎಡಗಡೆ ಉಪ್ಪಿನಕಾಯಿ, ಬಲಗಡೆ ಪಲ್ಯ, ಅನ್ನ ಬಿಸಿ ಇದೆ ಎಂದು ಹೇಳಿ ಹೇಳಿ ಊಟ ಮಾಡಿಸಿದವಳು ಅವಳೇ. ಇದು ತಂದೆಯಿಂದ ಮಕ್ಕಳಿಗೆ ಬರುವುದುಂಟು ಎಂದು ಡಾಕ್ಟರು ಹೇಳಿದ್ದನ್ನು ನಾನು ಮನೆಯಲ್ಲಿ ಒಂದೇ ಒಂದು ಸಲ, ಹಾರಿಕೆಯಾಗಿ ಹೇಳಿದ್ದೆ. ಅವಳು ಆಗ ಸೊಪ್ಪು ಬಿಡಿಸುತ್ತಿದ್ದಳು. ಕೇಳಿಸಿತೋ ಇಲ್ಲವೋ ಎಂದು ನಾನು ವಿಚಾರಿಸಲಿಲ್ಲ.

ಅಂದು ಕೆರೆಯ ಹತ್ತಿರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಜಿನಲ್ಲಿ ದೀಪದ ಸುತ್ತ ಬಳೆ ಕಾಣುವುದು ಸಹಜ, ಸಣ್ಣ ಹನಿಗಳ ನಡುವೆ ಬೆಳಕು ಹಾದುಬಂದರೆ ಹಾಗಾಗುತ್ತದೆ, ಇದನ್ನೇ ಮೂವತ್ತು ವರ್ಷ ಹಲಗೆಯ ಮೇಲೆ ಬರೆದಿದ್ದೇನೆ. ಕಿಂಡಿಯಿಂದ ಕಣ್ಣು ತೆಗೆದು ನೋಡಿದೆ. ಬರಿಗಣ್ಣಿಗೂ ಮಸುಕಾಗಿ ಒಂದು ಬಳೆ ಇದ್ದ ಹಾಗಿತ್ತು. ಅದು ಮಂಜಿನದೋ, ಕಣ್ಣಿನದೋ, ಹೇಳಲಾಗಲಿಲ್ಲ.

ಮನೆಗೆ ಬಂದು ಪಟಗಳನ್ನು ಕಂಪ್ಯೂಟರಿಗೆ ಹಾಕಿದೆ. ಒಂದೊಂದೂ ಸ್ಫಟಿಕ. ಎಲೆಯ ನರಗಳನ್ನು ಎಣಿಸಬಹುದಿತ್ತು. ಬೇರೆ ಯಾರಾದರೂ ಇದನ್ನು ನೋಡಿ ಹಿಗ್ಗುತ್ತಿದ್ದರು. ನಾನು ಲೆಕ್ಕ ಹಾಕತೊಡಗಿದೆ. ಕ್ಯಾಮೆರಾ ಚೆನ್ನಾಗಿದೆ, ಪಟ ಚೆನ್ನಾಗಿದೆ, ನನಗೆ ಮಾತ್ರ ಮಬ್ಬು ಕಾಣುತ್ತಿದೆ. ಹಾಗಾದರೆ ಕೆಟ್ಟಿರುವುದು ಯಾವುದು? ಇಷ್ಟು ಚೊಕ್ಕವಾದ ತರ್ಕಕ್ಕೆ ನಾನು ಮಕ್ಕಳಿಗೆ ಪೂರ್ತಿ ಅಂಕ ಕೊಡುತ್ತಿದ್ದೆ.

ಮಾರನೆಯ ದಿನ ಎಡಗಣ್ಣಿಟ್ಟು ನೋಡಿದೆ. ಅಲ್ಲೂ ಅದೇ ಬಳೆ. ಅಪ್ಪನಿಗಾದರೂ ಎರಡು ವರ್ಷ ಅಂತರ ಸಿಕ್ಕಿತ್ತು, ನನಗೆ ಒಟ್ಟಿಗೇ ಬಂತು ಎಂದುಕೊಂಡೆ.

ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು. ಹೋಗಲಿಲ್ಲ. ಮುಂದಿನ ವಾರ, ಹಬ್ಬ ಕಳೆಯಲಿ, ಚಳಿ ಕಡಿಮೆಯಾಗಲಿ ಎಂದು ಮುಂದೆ ಹಾಕುತ್ತ ಹೋದೆ. ಅಪ್ಪ ಒಂದು ವರ್ಷ ಸುಮ್ಮನಿದ್ದರೆಂದು ಎಷ್ಟು ಸಲ ಮನಸ್ಸಿನಲ್ಲೇ ಅವರನ್ನು ಬೈದುಕೊಂಡಿದ್ದೇನೋ. ಅವರಿಗೆ ಅದು ರೋಗವೆಂದು ಗೊತ್ತಿರಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವನು ನಾನು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಮತ್ತೊಂದು ತಟ್ಟೆಯ ಪಕ್ಕ ಕೂತು ಎಡಗಡೆ, ಬಲಗಡೆ ಎಂದು ಶುರುಮಾಡು ಎಂದು ಯಾವ ಬಾಯಿಂದ ಹೇಳುವುದು?

ಮನೆಯಲ್ಲಿ ದೀಪಗಳತ್ತ ನೋಡುವುದನ್ನೇ ಬಿಟ್ಟೆ. ಅವಳು ದೇವರ ಮುಂದೆ ದೀಪ ಹಚ್ಚಿದರೆ ಕಣ್ಣು ಮುಚ್ಚಿ ಕೈ ಮುಗಿದು ನಿಲ್ಲುತ್ತಿದ್ದೆ. ಈಚೆಗೆ ನಿಮಗೆ ಭಕ್ತಿ ಜಾಸ್ತಿಯಾಗಿದೆ ಎಂದು ಅವಳು ಚುಡಾಯಿಸಿದಳು. ಒಮ್ಮೆ ಮಂಗಳಾರತಿಯ ಹೊತ್ತಿನಲ್ಲಿ ಕದ್ದು ನೋಡಿದೆ. ಕರ್ಪೂರದ ಹೊಗೆಗೆ ಕಣ್ಣಲ್ಲಿ ನೀರು ತುಂಬಿತ್ತು. ಜ್ಯೋತಿಯ ಸುತ್ತ ಬಳೆ ಇತ್ತು. ಇನ್ನು ಅನುಮಾನವೇ ಇಲ್ಲವೆಂದು ತೀರ್ಮಾನಿಸಿದೆ.

ಆ ತಿಂಗಳು ನಾನು ಪಟ ತೆಗೆದ ರೀತಿಯೇ ಬೇರೆ. ಮೊದಲೆಲ್ಲ ಗುಂಪಿನವರ ಹೊಗಳಿಕೆಗೆ ತೆಗೆಯುತ್ತಿದ್ದೆ. ಈಗ ತೆಗೆಯುವ ಮೊದಲು ಬರಿಗಣ್ಣಿನಲ್ಲಿ ನೋಡುತ್ತ ನಿಲ್ಲುತ್ತಿದ್ದೆ, ಊರು ಬಿಟ್ಟು ಹೋಗುವವನು ಮನೆಯ ಕೋಣೆಕೋಣೆ ನೋಡುವ ಹಾಗೆ. ಬಾದಾಮಿ ಎಲೆ ಒಂದೇ ಕೆಂಪಲ್ಲ. ತೊಟ್ಟಿನ ಹತ್ತಿರ ಹಳದಿ ಉಳಿದಿರುತ್ತದೆ, ನಡುನರದ ಉದ್ದಕ್ಕೂ ಒಂದು ಗುಲಾಬಿ ಗೆರೆ, ಹುಳು ತಿಂದ ತೂತಿನ ಸುತ್ತ ಕಪ್ಪು. ಮಂಜು ದಟ್ಟವಿದ್ದಾಗ ದೂರದ ಮರಗಳೆಲ್ಲ ಬೂದಿಯಾಗಿ, ಹತ್ತಿರದ ಕೆಂಪು ಇನ್ನಷ್ಟು ಕೆಂಪಾಗುತ್ತದೆ. ಮಂಜು ನನಗೆ ಹಿತವಾಗಿತ್ತು. ಅದರಲ್ಲಿ ಎಲ್ಲರಿಗೂ ಮಬ್ಬೇ. ಅಲ್ಲಿ ನಡೆಯಲು ಬಂದವರೆಲ್ಲ ಒಂದು ಗಂಟೆಯ ಮಟ್ಟಿಗೆ ನನ್ನ ಜೊತೆಗಾರರು. ಬಿಸಿಲು ಬಂದು ಮಂಜು ಕರಗತೊಡಗಿದರೆ ಅವರೆಲ್ಲ ನನ್ನನ್ನು ಬಿಟ್ಟು ಹೋದ ಹಾಗಾಗುತ್ತಿತ್ತು.

ಆ ಪಟಗಳನ್ನು ಗುಂಪಿನಲ್ಲಿ ತುಂಬ ಮೆಚ್ಚಿದರು. ನಿಮ್ಮ ಕಣ್ಣೇ ಕಣ್ಣು ಸಾರ್ ಎಂದು ಒಬ್ಬರು ಬರೆದರು. ಫೋನು ಮಗುಚಿಟ್ಟು ಎದ್ದು ಹೋದೆ.

ಧನುರ್ಮಾಸದ ಕೊನೆಯ ಬೆಳಗ್ಗೆ, ಸಂಕ್ರಾಂತಿಗೆ ಒಂದು ದಿನ ಮೊದಲು, ಎಂದಿನ ಹಾಗೆ ರಸ್ತೆಯ ಕೊನೆಯಲ್ಲಿ ಬೇರೆಯಾದೆವು. ಅಂದು ಬಿದ್ದ ಮಂಜು ಆ ತಿಂಗಳಲ್ಲೇ ದಟ್ಟವಾದದ್ದು. ಆದರೆ ನನಗೆ ಕ್ಯಾಮೆರಾ ಎತ್ತುವ ಮನಸ್ಸೇ ಬರಲಿಲ್ಲ. ಬಾದಾಮಿ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಮರದಲ್ಲಿ ಎಲೆ ಬಹಳ ಉಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಒಂದು ಆಕಾರ ನಡೆದು ಬಂತು. ಸ್ವೆಟರಿನ ಮೇಲೆ ಶಾಲು, ಕೈಯಲ್ಲಿ ಮುಚ್ಚಿದ ಡಬ್ಬಿ. ಹತ್ತಿರ ಬಂದ ಮೇಲೆ ತಿಳಿಯಿತು, ನನ್ನ ಹೆಂಡತಿ. ಇಡೀ ತಿಂಗಳು ತಣ್ಣನೆ ಹುಗ್ಗಿ ತಿಂದಿದ್ದೀರಿ, ಕೊನೆಯ ದಿನವಾದರೂ ಬಿಸಿಯಾಗಿ ತಿನ್ನಿ ಎಂದು ಆಟೋ ಹಿಡಿದು ಬಂದೆ ಎಂದಳು.

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಮೆಣಸು, ತುಪ್ಪದ ವಾಸನೆಯ ಹಬೆ ಎದ್ದಿತು. ಅಷ್ಟೇ ಸಾಕಾಯಿತು. ಅರವತ್ತು ದಾಟಿದ ಗಂಡಸು ಸಾರ್ವಜನಿಕ ತೋಟದಲ್ಲಿ ಅತ್ತುಬಿಟ್ಟೆ.

"ನಂಗೂ ಅಪ್ಪನ ಹಾಗೇ ಆಗ್ತಿದೆ ಕಣೆ," ಎಂದೆ. "ದೀಪದ ಸುತ್ತ ಬಳೆ ಕಾಣ್ತಿದೆ. ಎರಡು ಕಣ್ಣಲ್ಲೂ."

ಅವಳು ಮುಚ್ಚಳವನ್ನು ಮತ್ತೆ ಡಬ್ಬಿಗೆ ಹಾಕಿದಳು. ಯಾವಾಗಿನಿಂದ ಎಂದು ಕೇಳಿದಳು. ತಿಂಗಳಾಯಿತೆಂದೆ. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಎಲ್ಲೆಲ್ಲಿ ಕಾಣುತ್ತದೆ, ಓದುವಾಗಲೂ ಕಾಣುತ್ತದಾ, ರಸ್ತೆಯಲ್ಲೂ ಕಾಣುತ್ತದಾ ಎಂದು ಒಂದೊಂದಾಗಿ ಕೇಳಿದಳು. ಇಷ್ಟು ಕ್ರಮವಾದ ಪ್ರಶ್ನೆಗಳನ್ನು ನಾನೇ ನನಗೆ ಕೇಳಿಕೊಂಡಿರಲಿಲ್ಲ. ಕ್ಯಾಮೆರಾದಲ್ಲಿ ನೋಡಿದಾಗ ಬಳೆ ಸ್ಪಷ್ಟವಾಗಿ ಕಾಣುತ್ತದೆ, ಉಳಿದ ಕಡೆ ನಾನು ಸರಿಯಾಗಿ ನೋಡಿಯೇ ಇಲ್ಲ ಎಂದು ಒಪ್ಪಿಕೊಂಡೆ. ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಎಲ್ಲಿ ಕೊಡಿ ಇಲ್ಲಿ ಎಂದು ಕ್ಯಾಮೆರಾ ತೆಗೆದುಕೊಂಡಳು. ಅದನ್ನು ಅವಳ ಕೈಗೆ ಕೊಟ್ಟದ್ದು ಅದೇ ಮೊದಲು. ಕನ್ನಡಕ ತೆಗೆದು, ಕಿಂಡಿಗೆ ಕಣ್ಣಿಟ್ಟು ದಾರಿಯ ದೀಪದ ಕಡೆ ತಿರುಗಿಸಿದಳು.

"ನಂಗೂ ಕಾಣ್ತಿದೆಯಲ್ರೀ," ಎಂದಳು.

ನನ್ನ ಮೊದಲ ಯೋಚನೆ ಏನೆಂದು ಹೇಳಿದರೆ ನೀವು ನಗುತ್ತೀರಿ. ಅಯ್ಯೋ, ಇವಳ ಕಣ್ಣೂ ಹೋಯಿತಲ್ಲ ಎಂದುಕೊಂಡೆ.

ಅವಳು ಕ್ಯಾಮೆರಾವನ್ನು ತಿರುಗಿಸಿ ಕಿಂಡಿಯ ಸಣ್ಣ ಗಾಜನ್ನು ಬೆಳಕಿಗೆ ಹಿಡಿದಳು. ಉಗುರಿನ ತುದಿಯಿಂದ ಅದರ ಮೂಲೆಯನ್ನು ಮೆಲ್ಲಗೆ ಕೆರೆದು ಬೆರಳನ್ನು ಮೂಸಿದಳು. ಅವಳ ಮುಖ ಬದಲಾಯಿತು. ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಗಂಧ. ಸಾಣೆಕಲ್ಲಿನ ಮೇಲೆ ತೇದ ಗಂಧ.

ಆಮೇಲೆ ಅವಳು ಕೆರೆಯ ಕಡೆ ನೋಡುತ್ತ ಹೇಳಿದಳು. "ಈ ಸಲದ ಆಯುಧಪೂಜೆ ದಿನ ನಾನೇ ಇಟ್ಟಿದ್ದು. ಮುಂದಿನ ಗಾಜು ಮುಟ್ಬೇಡ ಅಂದಿದ್ರಿ. ಇದು ನೀವು ಕಣ್ಣಿಡೋ ಜಾಗ ಅಲ್ವಾ, ಅದಕ್ಕೆ ಇಲ್ಲೊಂದು ಸಣ್ಣ ಬೊಟ್ಟಿಟ್ಟು, ಮಾವನೋರ ಹಾಗೆ ಇವರಿಗೆ ಆಗ್ದೇ ಇರ್ಲಿ ಅಂತ ಕೇಳ್ಕೊಂಡೆ. ನೀವು ನೋಡಿದ್ರೆ ಬೈತೀರಾ ಅಂತ ಮಾರನೇ ಬೆಳಗ್ಗೆ ಸೆರಗಲ್ಲಿ ಒರೆಸಿಟ್ಟೆ. ಸರಿಯಾಗಿ ಹೋಗಿಲ್ಲ ಅನ್ಸತ್ತೆ."

ನಾನು ಕ್ಯಾಮೆರಾ ತೆಗೆದುಕೊಂಡೆ. ಚೀಲದಿಂದ ಬಟ್ಟೆ ತೆಗೆದು, ಬಾಯಿಯ ಹಬೆ ಊದಿ ಆ ಗಾಜನ್ನು ಒರೆಸಿದೆ. ಮತ್ತೆ ಒರೆಸಿದೆ. ಕಣ್ಣಿಟ್ಟೆ. ದೀಪದ ಕಂಬ ಚಾಕುವಿನಲ್ಲಿ ಕೊರೆದ ಹಾಗೆ ನಿಂತಿತ್ತು. ಮಂಜಿನದೇ ಒಂದು ತೆಳು ಬೆಳಕು ಅದರ ಸುತ್ತ ಇತ್ತು, ಅಷ್ಟೇ. ಬಾದಾಮಿ ಮರದಲ್ಲಿ ಉಳಿದಿದ್ದ ಎಲೆಗಳು ಬಿಡಿಬಿಡಿಯಾಗಿ ಕಂಡವು. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು ಇಟ್ಟು ನೋಡಿದೆ. ಎದೆಯ ಮೇಲಿಂದ ಬೀಸುವಕಲ್ಲು ಇಳಿಸಿದ ಹಾಗಾಯಿತು. ಮೊದಲು ಅವಳು ನಕ್ಕಳು, ಆಮೇಲೆ ನಾನು. ಮುಂಗಾಜನ್ನು ದಿನಾ ಉಜ್ಜಿದ ಮೇಷ್ಟ್ರಿಗೆ ಹಿಂದೆಯೂ ಒಂದು ಗಾಜಿದೆ, ಅದರ ಕಲೆ ಪಟಕ್ಕೆ ತಾಗದೆ ಕಣ್ಣಿಗೆ ಮಾತ್ರ ಕಾಣುತ್ತದೆ ಎಂದು ಹೊಳೆದಿರಲಿಲ್ಲ. ಸಣ್ಣ ಕಣಗಳ ನಡುವೆ ಬೆಳಕು ಹಾದುಬಂದರೆ ಬಳೆ ಕಾಣುತ್ತದೆ ಎಂದು ಪಾಠ ಮಾಡಿದವನು, ಆ ಕಣ ಗಂಧದ್ದೂ ಆಗಿರಬಹುದು ಎಂದು ಎಣಿಸಿರಲಿಲ್ಲ.

ಹುಗ್ಗಿ ಇನ್ನೂ ಬೆಚ್ಚಗಿತ್ತು. ಒಂದೇ ಚಮಚ ತಂದಿದ್ದಳು, ಇಬ್ಬರೂ ಅದರಲ್ಲೇ ತಿಂದೆವು. ಅಂಥ ಹುಗ್ಗಿಯನ್ನು ನಾನು ಜನ್ಮದಲ್ಲಿ ತಿಂದಿಲ್ಲ. ಅಂದು ಒಂದು ಪಟವನ್ನೂ ತೆಗೆಯಲಿಲ್ಲ.

ವಾಪಸ್ಸು ನಡೆಯುತ್ತ ಬರುವಾಗ ಅಪ್ಪ ನೆನಪಾದರು. ಅವರು ರೋಗವನ್ನು ದೇವರ ಕೃಪೆ ಎಂದುಕೊಂಡರು. ನಾನು ದೇವರಿಗೆ ತೇದ ಗಂಧವನ್ನು ರೋಗ ಎಂದುಕೊಂಡೆ. ಇಬ್ಬರೂ ಮಾಡಿದ ತಪ್ಪು ಒಂದೇ, ಪಕ್ಕದಲ್ಲಿದ್ದವರಿಗೆ ತೋರಿಸಲಿಲ್ಲ. ಅಲ್ಲ, ಅಪ್ಪ ನನಗೆ ಹೇಳಿದ್ದರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಅದನ್ನು ಅವಳಿಗೆ ಹೇಳಿದೆ. ಇಷ್ಟು ವರ್ಷದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳು ನಡೆಯುತ್ತಲೇ ನನ್ನ ತೋಳು ಹಿಡಿದುಕೊಂಡಳು, ನಮ್ಮ ರಸ್ತೆಯಲ್ಲಿ ಪರಿಚಿತರು ಎದುರಾದರೂ ಬಿಡಲಿಲ್ಲ.

ಸಂಕ್ರಾಂತಿ ಕಳೆದ ಮಾರನೆಯ ದಿನವೇ ಅವಳು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಗಂಧ ಒರೆಸಿದ್ದಾಯಿತಲ್ಲ ಎಂದು ನಾನು ಗೊಣಗಿದರೆ, ಗಂಧ ಒರೆಸಿದರೆ ಅಪ್ಪನ ಮಗ ಅಲ್ಲದೆ ಹೋಗುತ್ತೀರಾ ಎಂದು ಕೇಳಿದಳು. ಡಾಕ್ಟರು ನಮ್ಮಿಬ್ಬರಿಗಿಂತ ಬಹಳ ಚಿಕ್ಕ ಹೆಣ್ಣುಮಗಳು. ಹನಿ ಹಾಕಿ, ಒತ್ತಡ ಅಳೆದು, ನರವನ್ನೂ ನೋಡಿ, ಎರಡೂ ಕಣ್ಣು ಚೆನ್ನಾಗಿವೆ ಎಂದರು. ಆದರೆ ತಂದೆಯವರಿಗೆ ಇದ್ದದ್ದರಿಂದ ವರ್ಷಕ್ಕೊಂದು ಸಲ ಬಂದು ತೋರಿಸಲೇಬೇಕು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಗದರಿದರು. ನಾನು ಬಾಯಿ ಬಿಡುವ ಮೊದಲೇ ನನ್ನ ಹೆಂಡತಿ ಕ್ಯಾಮೆರಾದ ಕತೆಯೆಲ್ಲ ಹೇಳಿಬಿಟ್ಟಳು. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನಕ್ಕರು.

"ಆ ಬೊಟ್ಟಿಗೆ ಥ್ಯಾಂಕ್ಸ್ ಹೇಳಿ ಸಾರ್," ಎಂದರು. "ಇಲ್ದಿದ್ರೆ ನೀವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ಮೊನ್ನೆ ಮತ್ತೆ ಆಯುಧಪೂಜೆ ಬಂತು. ಈಳಿಗೆಮಣೆ, ಕತ್ತರಿ, ಮಿಕ್ಸಿ ಎಲ್ಲ ದೇವರ ಮುಂದೆ ಸಾಲಾಗಿ ಕೂತಿದ್ದವು. ಕ್ಯಾಮೆರಾವನ್ನು ನಾನೇ ತಂದು ಕತ್ತರಿಯ ಪಕ್ಕ ಇಟ್ಟೆ. ಅವಳು ಗಂಧದ ಬಟ್ಟಲು ಹಿಡಿದು ಬಂದವಳು ಅದರ ಮುಂದೆ ನಿಂತು ನನ್ನ ಮುಖ ನೋಡಿದಳು. ಹೋದ ಸಲ ಇಟ್ಟಲ್ಲೇ ಇಡು, ನಾಳೆ ನಾನೇ ಒರೆಸಿಕೊಳ್ಳುತ್ತೇನೆ ಎಂದೆ. ಅವಳು ಉಂಗುರದ ಬೆರಳನ್ನು ಬಟ್ಟಲಿಗೆ ಅದ್ದಿ, ಕಿಂಡಿಯ ಗಾಜಿಗೆ ಒಂದು ಬೊಟ್ಟಿಟ್ಟು, ಕಣ್ಣು ಮುಚ್ಚಿ ಏನನ್ನೋ ಕೇಳಿಕೊಂಡಳು. ಏನೆಂದು ನಾನು ಕೇಳಲಿಲ್ಲ, ಗೊತ್ತಿತ್ತು.

ಮಾರನೆಯ ಬೆಳಗ್ಗೆ ಗಾಜನ್ನು ಚೆನ್ನಾಗಿ ಒರೆಸಿದೆ. ಅವಳು ದೇವರ ಮುಂದೆ ಆಗಷ್ಟೇ ದೀಪ ಹಚ್ಚಿದ್ದಳು. ಅಲ್ಲೇ ಬಾಗಿಲಲ್ಲಿ ನಿಂತು ಕಿಂಡಿಗೆ ಕಣ್ಣಿಟ್ಟು ಆ ದೀಪವನ್ನು ನೋಡಿದೆ. ಕ್ಯಾಮೆರಾ ಕೆಳಗಿಳಿಸಿ, ಬರಿಗಣ್ಣಿನಲ್ಲೂ ನೋಡಿದೆ, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ. ಬರೀ ದೀಪ.